ಸಂಗೀತ ಜೂನಿಯರ್‌ಗೆ ಕೂರುವ ನಮ್ಮ ಮಕ್ಕಳಿಗೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ಅದಕ್ಕೆ ಇಲ್ಲಿ ಬೇರೆಯವರು ಬೇಕಾದಷ್ಟು ಜನ ಇದ್ದಾರೆ. ಈ ಸಲ ನಮ್ಮ ಶಾಲೆಯ ನಾಲ್ಕು ಮಕ್ಕಳು ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದಾರೆ ಎಂದು ಮೇಷ್ಟ್ರು ಹೇಳಿದರು. ಒಂಬತ್ತನೇ ತರಗತಿಯಲ್ಲಿ ನಾನೂ ಆ ಪರೀಕ್ಷೆ ಬರೆದವನು, ಹಾಡಿದವನು. ಅದರ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಮಂಡಳಿಯೇ ಸಂಗೀತ, ನೃತ್ಯ, ತಾಳವಾದ್ಯದ ಪರೀಕ್ಷೆಗಳನ್ನೂ ನಡೆಸುತ್ತಿತ್ತು. ಜೂನಿಯರ್, ಸೀನಿಯರ್, ವಿದ್ವತ್ ಎಂದು ಹಂತಗಳು. ಒಂದು ದಿನ ಬರವಣಿಗೆ, ಇನ್ನೊಂದು ದಿನ ಪರೀಕ್ಷಕರ ಮುಂದೆ ಕೂತು ಹಾಡುವುದು. ಬರವಣಿಗೆಗೆ ಯಾರೂ ಅಷ್ಟಾಗಿ ಹೆದರುವುದಿಲ್ಲ. ಕೈಕಾಲು ನಡುಗುವುದು ಹಾಡುವ ದಿನ.

ನಾವು ಭಜನೆಯಿಂದ ಬಂದ ಹುಡುಗರು. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಜಾವ ಎದ್ದು ಹಾಡಿದ ಗಂಟಲು. ಧ್ವನಿಗೆ ಕೊರತೆಯಿರಲಿಲ್ಲ. ಆದರೆ ಭಜನೆಯ ರೀತಿಯೇ ಬೇರೆ. ಹಾಡು ಏರಿದಂತೆ ಶ್ರುತಿಯೂ ಸ್ವಲ್ಪ ಏರುತ್ತದೆ, ತಾಳವೂ ಓಡುತ್ತದೆ, ಕೊನೆಗೆ ಎಲ್ಲರೂ ಎದ್ದು ನಿಂತು ಕುಣಿಯುತ್ತಾರೆ. ಅದರ ಸೊಗಸೇ ಅದು. ಪರೀಕ್ಷೆ ಕೇಳುವುದು ಇದಕ್ಕೆ ಉಲ್ಟಾ: ಶುರುಮಾಡಿದ ಶ್ರುತಿಯಲ್ಲೇ, ಶುರುಮಾಡಿದ ಕಾಲದಲ್ಲೇ ಮುಗಿಸಬೇಕು. ತಮಾಷೆಯೆಂದರೆ, ನಾವು ಭಜನೆಯಲ್ಲಿ ಯಾರ ದೇವರನಾಮ ಹಾಡಿ ಕುಣಿಯುತ್ತೇವೋ ಆ ಪುರಂದರದಾಸರೇ ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆಗಳ ಪಾಠವನ್ನೂ ಹಾಕಿಕೊಟ್ಟರು ಎಂಬುದು ಸಂಗೀತಗಾರರ ಪರಂಪರೆಯ ಮಾತು.

ನಮಗೆ ಕಲಿಸಿದವರು ಗಣಿತದ ಮೇಷ್ಟ್ರು. ಮೊದಲ ವಾರ ಬಾಯಿ ತೆರೆಯಲು ಬಿಡಲಿಲ್ಲ, ಬರೀ ಕೈ. ಏಳು ಅಲಂಕಾರಗಳಿಗೆ ಏಳು ತಾಳ. ಮಠ್ಯಕ್ಕೂ ಝಂಪೆಗೂ ಅಕ್ಷರ ಹತ್ತೇ, ಆದರೆ ಕೈ ಬೇರೆ. ಮಠ್ಯ ನಾಲ್ಕು, ಎರಡು, ನಾಲ್ಕು. ಝಂಪೆ ಏಳು, ಒಂದು, ಎರಡು. ಆ ಏಳನ್ನು ಎಣಿಸುವಾಗ ಒಂದು ಪೆಟ್ಟು ಹಾಕಿ, ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಹೋಗಿ, ಮತ್ತೆ ಕಿರುಬೆರಳಿಗೆ ಬರಬೇಕು. ಅಲ್ಲೇ ಮಕ್ಕಳು ಮುಗ್ಗರಿಸುವುದು. ಕಾಡುಗೋಡಿ ಬಸ್ಸಿನಲ್ಲಿ ನಾವು ತೊಡೆಯ ಮೇಲೆ ಝಂಪೆ ಹಾಕುತ್ತಿದ್ದರೆ ಪಕ್ಕದಲ್ಲಿದ್ದವರು ಈ ಹುಡುಗರಿಗೆ ಏನಾಗಿದೆ ಅಂತ ನೋಡುತ್ತಿದ್ದರು.

ಆಮೇಲೆ ಮೂರು ಕಾಲ. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಬಾಯಿ ಓಡಬೇಕು, ಕೈ ಓಡಬಾರದು. ಹಾಗಾಗಿ ಶುರುಮಾಡುವಾಗಲೇ ಮೂರನೇ ಕಾಲವನ್ನು ಮನಸ್ಸಿನಲ್ಲಿ ಒಮ್ಮೆ ಹಾಡಿಕೊಂಡು, ಅದು ನಿಲುಕುವಷ್ಟು ನಿಧಾನವಾಗಿ ಕೈ ಹಾಕಿ. ಪರೀಕ್ಷಕರು ಗಮನಿಸುವುದು ನಿಮ್ಮ ವೇಗವನ್ನಲ್ಲ, ಆ ಕೈಯನ್ನು.

ಗಂಡುಹುಡುಗರಿಗೆ ಒಂದು ಮಾತು. ಈ ವಯಸ್ಸಿನಲ್ಲಿ ಗಂಟಲು ಒಡೆಯುತ್ತದೆ. ಜೂನ್‌ನಲ್ಲಿ ಐದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದ ನನಗೆ ದಸರೆ ಹೊತ್ತಿಗೆ ಮೇಲಿನ ಷಡ್ಜ ಸಿಗುತ್ತಿರಲಿಲ್ಲ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿ ಇಳಿಸಿ, ಎಲ್ಲವನ್ನೂ ಸರಳೆಯಿಂದ ಮತ್ತೆ ಹೇಳಿಸಿದರು. ಧ್ವನಿ ಕೆಟ್ಟಿತು ಅಂತ ಬಿಟ್ಟುಬಿಡಬೇಡಿ, ಕಿರುಚಿ ಹಿಡಿಯಲೂ ಹೋಗಬೇಡಿ.

ಈಗ ಶ್ರುತಿಗೆ ಫೋನಿನಲ್ಲೇ ತಂಬೂರಿ ಸಿಗುತ್ತದೆ. ಒಳ್ಳೆಯದೇ. ಆದರೆ ಆ್ಯಪ್ ಬರೆಯುವ ಕೆಲಸದವನಾಗಿಯೇ ಹೇಳುತ್ತೇನೆ, ಆ ತಂಬೂರಿ ತನ್ನ ಪಾಡಿಗೆ ತಾನು ನುಡಿಯುತ್ತದೆ, ನೀವು ಅಪಸ್ವರ ಹಿಡಿದರೆ ‘ಏಯ್’ ಅನ್ನುವುದಿಲ್ಲ. ಕೇಳಿಸಿಕೊಳ್ಳಲು ಒಬ್ಬರು ಬೇಕು. ನಾಲ್ವರೂ ಜೊತೆಗೆ ಕೂತು, ಒಬ್ಬರು ಹಾಡುವಾಗ ಉಳಿದ ಮೂವರು ತಾಳ ಹಾಕಿ.

ತಂದೆತಾಯಂದಿರಿಗೆ ಒಂದು ಕೋರಿಕೆ. ‘ಇದರಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸು ಕಮ್ಮಿ ಆಗಲ್ವೇನಪ್ಪಾ’ ಎಂದು ಈಗಷ್ಟೇ ಒಬ್ಬ ತಾಯಿ ಕೇಳಿದರು. ನ್ಯಾಯವಾದ ಭಯ. ಅದಕ್ಕೇ ಎಂಟು ಒಂಬತ್ತರಲ್ಲೇ ಕೂರಿಸಿ, ಹತ್ತನೇ ತರಗತಿಗೆ ಇಟ್ಟುಕೊಳ್ಳಬೇಡಿ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಆ ಅರ್ಧ ಗಂಟೆ ಟಿವಿ ಆರಿಸಬೇಕು. ಹೆಣ್ಣುಮಕ್ಕಳನ್ನು ಆ ಹೊತ್ತಿಗೆ ನೀರು ಹಿಡಿಯಲು, ಹಾಲು ಡೈರಿಗೆ ಹಾಕಲು ಕಳಿಸಬೇಡಿ. ಈ ನಾಲ್ವರಲ್ಲಿ ಮೂವರು ಹೆಣ್ಣುಮಕ್ಕಳು.

ನನಗೆ ಬಂದದ್ದು ಸೆಕೆಂಡ್ ಕ್ಲಾಸು. ಸೀನಿಯರ್‌ಗೆ ಹೋಗಲಿಲ್ಲ. ಆದರೂ ಕೈಗೆ ಝಂಪೆ ಇನ್ನೂ ಬರುತ್ತದೆ. ಶನಿವಾರ ಸಂಜೆ ಐದಕ್ಕೆ ಊರಿಗೆ ಬರುತ್ತೇನೆ, ಮುಖ್ಯೋಪಾಧ್ಯಾಯರು ಒಂದು ಕೊಠಡಿಯ ಬೀಗದ ಕೈ ಕೊಡಲು ಒಪ್ಪಿದ್ದಾರೆ. ಭಜನೆಯವರು ಹಾರ್ಮೋನಿಯಂ ಒಂದು ಕೊಟ್ಟರೆ ಮುಂದಿನ ಶನಿವಾರವೇ ಶುರುಮಾಡೋಣ.