ಕೆಳಗಿನಿಂದ ಮೇಲಕ್ಕೆ ಓದುವ ಯುದ್ಧ

ತಾಂಡೂರನ್ನು ಹಾದು ಬರುವ ಕಾಗಿಣಾ ನದಿ ಸೇಡಂ ಸೀಮೆಗೆ ಇಳಿದು ಮಳಖೇಡದ ಕೋಟೆಯ ಪಕ್ಕದಲ್ಲೇ ಹರಿಯುತ್ತದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿ ಆಳಿದ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಗೆದ್ದ. ಆ ಗೆಲುವಿನ ಕಥೆ ಹೇಳುವ ಹೆಸರಾಂತ ಕಲ್ಲೊಂದು ಸಿಕ್ಕಿದ್ದು ಬಲು ದೂರದಲ್ಲಿ, ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ.

ಕಥೆಯೂ ವಿಚಿತ್ರವೇ. ಕೃಷ್ಣನ ಪರವಾಗಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಅವನ ಜತೆಗೆ ಹೋರಾಡಿದವನು ಮಣಲೇರ. ಮೆಚ್ಚಿದ ಒಡೆಯ ಬೂತುಗ ಏನು ಬೇಕೋ ಕೇಳು ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ಕಾಡುಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಕ್ರಿ.ಶ. 949-50ರ ಈ ಕಲ್ಲಿನಲ್ಲಿ ಅಕ್ಷರಗಳೆಲ್ಲ ಚೋಳ, ಗಂಗ, ರಾಷ್ಟ್ರಕೂಟ ಎಂದು ಗರ್ಜಿಸುತ್ತಿದ್ದರೆ ಶಿಲ್ಪಿ ಬಿಡಿಸಿದ್ದು ಹಂದಿಗೆ ಎರಗಿದ ನಾಯಿಯನ್ನು. ರಾಜನೂ ಇಲ್ಲ, ಪಟ್ಟದಾನೆಯೂ ಇಲ್ಲ. ಕಲ್ಲಿಗೆ ಪೂಜೆ ತಪ್ಪದಿರಲೆಂದು ಭೂಮಿಯನ್ನೂ ಬಿಟ್ಟರು.

ಆದರೆ ನಾಡಿನ ತುಂಬ ನಿಂತಿರುವ ವೀರಗಲ್ಲುಗಳಲ್ಲಿ ಇರುವುದು ಮನುಷ್ಯರೇ, ಅದರಲ್ಲೂ ಹುಡುಗು ಪ್ರಾಯದವರಂತೆ ಕಾಣುವವರು. ದನ ಹೊಡೆದುಕೊಂಡು ಹೋದ ಕಳ್ಳರ ಬೆನ್ನಟ್ಟಿದವರು, ಊರ ಮೇಲೆ ಬಿದ್ದವರನ್ನು ತಡೆದವರು, ಒಡೆಯನ ದಂಡಿನಲ್ಲಿ ಹೊರಟು ಬಾರದೆ ಹೋದವರು. ಸಾಮಾನ್ಯವಾಗಿ ಕಲ್ಲಿನಲ್ಲಿ ಮೂರು ಪಟ್ಟಿಕೆ. ಓದಬೇಕಾದ್ದು ಕೆಳಗಿನಿಂದ. ಕೆಳಪಟ್ಟಿಕೆಯಲ್ಲಿ ನೂಕುನುಗ್ಗಲು: ಬಿಲ್ಲು, ಈಟಿ, ಬಿದ್ದ ಹೆಣ, ದನಕ್ಕಾಗಿ ನಡೆದ ಕಾಳಗವಾದರೆ ಮೂಲೆಯಲ್ಲಿ ಒತ್ತೊತ್ತಾಗಿ ಕೊಂಬು ತೋರುವ ದನಗಳು. ವೀರನ ಆಕಾರ ಉಳಿದವರಿಗಿಂತ ದೊಡ್ಡದು. ನಡುವಿನ ಪಟ್ಟಿಕೆಯಲ್ಲಿ ಚಾಮರ ಹಿಡಿದ ಅಪ್ಸರೆಯರು ಅವನ ಎರಡೂ ಪಕ್ಕ ನಿಂತು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಗದ್ದಲವೆಲ್ಲ ಅಡಗಿ ವೀರ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಎದುರಿಗೆ ನಂದಿ. ಜೈನನಾದರೆ ಅಲ್ಲಿ ಜಿನಬಿಂಬ. ನೆತ್ತಿಯಲ್ಲಿ ಸೂರ್ಯಚಂದ್ರರು.

ಸಾವನ್ನು ಇಷ್ಟು ಸಲೀಸಾಗಿ ಸ್ವರ್ಗಕ್ಕೆ ದಾಟಿಸುವ ಕಲೆಯ ಬಗ್ಗೆ ಸ್ವಲ್ಪ ಅನುಮಾನವೂ ಇರಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ಈ ಮೂರು ಪಟ್ಟಿಕೆಗಳಲ್ಲಿ ಜಾಗವಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ಕಾಳಗದ ಕಡೆಗೇ ವಾಲಿದ್ದು. ಆನೆ, ಕುದುರೆ, ಬಿಲ್ಲಾಳುಗಳು ಒಬ್ಬರ ಮೈಮೇಲೊಬ್ಬರು ಬಿದ್ದಂತೆ ಕೆತ್ತಿದ್ದಾರೆ. ಗಂಗ ಎರೆಯಪ್ಪನಿಗಾಗಿ ಕಾದಿ ಸತ್ತವನು ನಾಗತ್ತರ. ಅವನ ಪಟ್ಟವೂ ಬೆಂಪೂರು ಸೀಮೆಯ ಹನ್ನೆರಡು ಊರುಗಳೂ ಇರುಗ ಎಂಬವನಿಗೆ ಸಿಕ್ಕವೆಂದು ಶಾಸನ ದಾಖಲಿಸುತ್ತದೆ. ಸತ್ತವನಿಗೆ ಕಲ್ಲು, ಉಳಿದವನಿಗೆ ಊರು!

ವೀರಗಲ್ಲಿನ ಪಟ್ಟಿಕೆಯ ಜಾಣ್ಮೆ ಸಾವಿರ ವರ್ಷದ ಮೇಲೆ ಯುರೋಪಿನ ಒಂದು ದೊಡ್ಡ ಚಿತ್ರದಲ್ಲೂ ಕಾಣುತ್ತದೆ. ಸ್ವಿಸ್ ಕಲಾವಿದ ಫರ್ಡಿನಂಡ್ ಹೋಡ್ಲರ್ 1908-09ರಲ್ಲಿ ಜರ್ಮನಿಯ ಯೆನಾ ವಿಶ್ವವಿದ್ಯಾಲಯಕ್ಕಾಗಿ ಬರೆದದ್ದು. ವಿಷಯ, 1813ರಲ್ಲಿ ನೆಪೋಲಿಯನ್ ವಿರುದ್ಧ ಹೊರಟ ವಿದ್ಯಾರ್ಥಿಗಳು. ಸುಮಾರು ಮೂರೂವರೆ ಮೀಟರ್ ಎತ್ತರ, ಐದೂವರೆ ಮೀಟರ್ ಅಗಲ. ರಕ್ತವಿಲ್ಲ, ಶತ್ರುವೂ ಇಲ್ಲ. ಕೆಳಗಡೆ ಕುದುರೆಗಳ ನಡುವೆ ಹುಡುಗರು ಅಣಿಯಾಗುತ್ತಿದ್ದಾರೆ. ಒಬ್ಬ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದಾನೆ. ಒಬ್ಬೊಬ್ಬರ ಭಂಗಿಯೂ ಬೇರೆ. ಮೇಲುಗಡೆ ಸಾಲಾಗಿ ಹೊರಟ ಸೈನಿಕರು, ಎಲ್ಲರ ಹೆಜ್ಜೆ ಒಂದೇ, ಬಾಗಿದ ಬಗೆಯೂ ಒಂದೇ. ಒಂದೇ ಆಕಾರ ಮತ್ತೆ ಮತ್ತೆ ಬಂದಾಗ ಅರ್ಥ ಗಟ್ಟಿಯಾಗುತ್ತದೆಂಬುದು ಹೋಡ್ಲರನ ನಂಬಿಕೆ. ಆ ಸಾಲನ್ನು ನೋಡಿದರೆ ಅದು ಸರಿ ಎನಿಸುತ್ತದೆ.

ಎರಡನ್ನೂ ಕೆಳಗಿನಿಂದಲೇ ಓದಬೇಕು, ಆದರೆ ದಾರಿ ತದ್ವಿರುದ್ಧ. ಹೋಡ್ಲರನ ಹುಡುಗರು ಕೆಳಗೆ ಬಿಡಿಬಿಡಿ ಮನುಷ್ಯರು, ಮೇಲಕ್ಕೆ ಹೋದಂತೆ ದಂಡಿನಲ್ಲಿ ಕರಗಿಬಿಡುತ್ತಾರೆ. ನಮ್ಮ ವೀರಗಲ್ಲು ಶುರುವಾಗುವುದೇ ಗುಂಪಿನ ಗದ್ದಲದಿಂದ. ಮೇಲಿನ ಪಟ್ಟಿಕೆಗೆ ಬರುವ ಹೊತ್ತಿಗೆ ಉಳಿಯುವವನು ಒಬ್ಬನೇ, ಬರಹವಿದ್ದ ಕಲ್ಲಾದರೆ ಅವನ ಹೆಸರು, ಊರಿನ ಸಮೇತ. ಯುದ್ಧ ಮನುಷ್ಯನಿಗೆ ಏನು ಮಾಡುತ್ತದೆಂದು ಹೋಡ್ಲರ್ ಹೆಚ್ಚು ನಿಜ ಹೇಳಿದ. ಸತ್ತವನಿಗೆ ಊರು ಏನು ಕೊಡಬೇಕೆಂಬುದನ್ನು ಹಳ್ಳಿಯ ಕಲ್ಲುಕುಟಿಗ ಹೆಚ್ಚು ಬಲ್ಲವನಾಗಿದ್ದ.

ಚಿತ್ರದ ಮುಂದಿನ ಗತಿಯೂ ಯುದ್ಧದಿಂದಲೇ ಬದಲಾಯಿತು. 1914ರಲ್ಲಿ ಜರ್ಮನ್ ಸೈನ್ಯ ಫ್ರಾನ್ಸಿನ ರೈಮ್ಸ್ ಚರ್ಚಿನ ಮೇಲೆ ಗುಂಡು ಸುರಿಸಿದ್ದನ್ನು ಖಂಡಿಸಿದ ಹೇಳಿಕೆಗೆ ಹೋಡ್ಲರ್ ಸಹಿ ಹಾಕಿದ. ಸಿಟ್ಟಿಗೆದ್ದ ಯೆನಾದವರು ಚಿತ್ರಕ್ಕೆ ಹಲಗೆ ಹೊಡೆದು ಮುಚ್ಚಿಬಿಟ್ಟರು. ಹಲಗೆ ತೆಗೆದದ್ದು 1919ರಲ್ಲಿ. ಅಷ್ಟರಲ್ಲಿ ಕಲಾವಿದ ತೀರಿಕೊಂಡು ವರ್ಷವಾಗಿತ್ತು.

ನಮ್ಮ ಕಲ್ಲುಗಳನ್ನು ಸಿಟ್ಟಿನಿಂದ ಯಾರೂ ಮುಚ್ಚುವುದಿಲ್ಲ, ಅಕ್ಕರೆಯಿಂದಲೇ ಮುಚ್ಚುತ್ತಾರೆ: ಎಣ್ಣೆ, ಕುಂಕುಮ, ಕೊನೆಗೆ ಡಬ್ಬಿಗಟ್ಟಲೆ ಪೇಂಟು. ಕೇಳುಗರೇ, ನಿಮ್ಮೂರ ಗುಡಿಯ ಹಿಂದೆಯೋ ಕೆರೆ ಏರಿಯ ಮೇಲೆಯೋ ಇಂಥದ್ದೊಂದು ಇದ್ದರೆ ಪೂಜೆ ಮಾಡಿ, ಬೇಡವೆನ್ನುವವರಿಲ್ಲ. ಪೇಂಟು ಮಾತ್ರ ಬಳಿಯಬೇಡಿ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ ಕಂಡರೆ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.