ಊರಿನ ಚಿತ್ರ ಬರೆಯುವವರು



ಚಿತ್ರಕಲಾ ಶಾಲೆ ಸೇರಿದ ವಿದ್ಯಾರ್ಥಿಗೆ ನಿಸರ್ಗಚಿತ್ರದ ಅಭ್ಯಾಸ ತಪ್ಪಿದ್ದಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯ ನಾಲ್ಕಾರು ದೃಶ್ಯಗಳನ್ನು ಬರೆದು ತರುವಂತೆ ಗುರುಗಳು ಹೇಳುತ್ತಾರೆ. ಬಾಶೆಟ್ಟಿಹಳ್ಳಿಯ ಹುಡುಗಿಯೊಬ್ಬಳು ಹೀಗೆ ಹಲಗೆ, ಕಾಗದ, ಬಣ್ಣದ ಪೆಟ್ಟಿಗೆ ಹಿಡಿದು ಹೊರಟಳೆಂದು ಭಾವಿಸೋಣ. ಅವಳು ಎಲ್ಲಿ ಕುಳಿತುಕೊಳ್ಳಬೇಕು? ಆಕಾಶ ತಿಳಿಯಾಗಿದ್ದರೆ ಈಶಾನ್ಯಕ್ಕೆ ನಂದಿಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಅದಕ್ಕೂ ಅವಳಿಗೂ ನಡುವೆ ಕಾರ್ಖಾನೆಗಳ ತಗಡಿನ ಮಾಡುಗಳು, ಕಾಂಪೌಂಡುಗಳು, ಲಾರಿಗಳ ಸಾಲು. ಬೆಟ್ಟವನ್ನು ಮಾತ್ರ ಬರೆದು ಉಳಿದುದನ್ನು ಬಿಡುವುದೇ, ಅಥವಾ ಕಂಡದ್ದನ್ನೆಲ್ಲ ಬರೆಯುವುದೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಇದೇ ತಾಲ್ಲೂಕಿನ ಒಬ್ಬ ಹಿರಿಯ ಕಲಾವಿದರನ್ನು ನೆನೆಯದೆ ಇರಲಾಗದು. ರುಮಾಲೆ ಚನ್ನಬಸವಯ್ಯನವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದರು. ಬೆಂಗಳೂರಿನ ಕಲಾಮಂದಿರದಲ್ಲಿಯೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಚಿತ್ರಕಲೆ ಕಲಿತರು. ಆದರೆ ಸ್ವಾತಂತ್ರ್ಯ ಚಳವಳಿಯ ಕರೆ ಬಂದಾಗ ಕುಂಚವನ್ನು ಬದಿಗಿಟ್ಟರು. ಸೇವಾದಳ, ಸೆರೆಮನೆ, ಮುಂದೆ 'ತಾಯಿನಾಡು' ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತು ಹೀಗೆ ಹಲವು ವರ್ಷಗಳು ಸಾರ್ವಜನಿಕ ಬದುಕಿನಲ್ಲಿಯೇ ಕಳೆದವು. ಐವತ್ತು ದಾಟಿದ ಮೇಲೆ, 1960ರ ದಶಕದಲ್ಲಿ, ಅವರು ಪೂರ್ಣವಾಗಿ ಚಿತ್ರಕಲೆಗೆ ಮರಳಿ, 1988ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು.

ರುಮಾಲೆಯವರು ಬಯಲಿನಲ್ಲಿ ಕುಳಿತು, ಕಣ್ಣೆದುರಿನ ಮರವನ್ನು ಕಣ್ಣೆದುರಿನ ಬೆಳಕಿನಲ್ಲಿಯೇ ಬರೆದವರು. ಹೂಬಿಟ್ಟ ಗುಲ್‌ಮೊಹರ್, ಜಕರಂಡ, ಉದ್ಯಾನದ ನೆರಳುಗಳಿಂದ ಅವರ ಬೆಂಗಳೂರು ತುಂಬಿಕೊಂಡಿದೆ. ಪರಿಸರದ ಅರಿವುಳ್ಳವರು ಇಲ್ಲೊಂದು ಆಕ್ಷೇಪ ಎತ್ತಬಹುದು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು. ನಮ್ಮ ಹೊಂಗೆ, ಮುತ್ತುಗ, ಇಪ್ಪೆಗಳೇನಾದವು? ಆಕ್ಷೇಪ ನ್ಯಾಯವಾದದ್ದೇ. ಆದರೆ ಚಿತ್ರಗಾರ ತಾನು ಕಂಡ ಊರನ್ನು ಬರೆಯುತ್ತಾನೆ, ಇರಬೇಕಿದ್ದ ಊರನ್ನಲ್ಲ. ರಸ್ತೆ ಅಗಲೀಕರಣದಲ್ಲಿ ಬೆಂಗಳೂರಿನ ಎಷ್ಟೋ ಸಾಲುಮರಗಳು ಉರುಳಿದ ಮೇಲೆ ಅಂತಹ ಚಿತ್ರಗಳು ನೆರಳಿನ ದಾಖಲೆಯೂ ಆಗಿ ಉಳಿದವು.

ಬಯಲಿನಲ್ಲಿ ಚಿತ್ರ ಬರೆಯುವುದು ಒಂದು ಬಗೆಯ ವಿಚಾರಣೆ. ಜಲವರ್ಣದಲ್ಲಿ ಬಿಳಿಯ ಬಣ್ಣವನ್ನು ಹಚ್ಚುವುದು ಕಡಮೆ. ಬೆಳಕಿರುವೆಡೆ ಕಾಗದವನ್ನೇ ಹಾಗೆಯೇ ಬಿಡಬೇಕು. ಆದುದರಿಂದ ಬೆಳಕು ಎಲ್ಲಿದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಬೇಸಿಗೆಯಲ್ಲಿ ಬಣ್ಣ ಬೇಗನೆ ಒಣಗುತ್ತದೆ, ನೆರಳು ಗಂಟೆಯೊಳಗೆ ಸರಿಯುತ್ತದೆ. ಮರುದಿನ ಅದೇ ಹೊತ್ತಿಗೆ ಅದೇ ಕಲ್ಲಿನ ಮೇಲೆ ಬಂದು ಕೂಡಬೇಕು. ಹೀಗೆ ನಾಲ್ಕು ದಿನ ಕುಳಿತವರಿಗೆ ರಸ್ತೆಯಲ್ಲಿ ಹೋಗುವವರು ಕಾಣದ ಸಂಗತಿಗಳು ಕಾಣುತ್ತವೆ. ಕೋಡಿಯ ಕಲ್ಲು ಎಷ್ಟು ವರ್ಷದಿಂದ ಒಣಗಿದೆ, ಗೋಮಾಳ ಎಲ್ಲಿ ಮುಗಿದು ಬೇಲಿ ಎಲ್ಲಿ ಆರಂಭವಾಯಿತು, ರಾಗಿ ಹೊಲ ಯಾವಾಗ ನೀಲಗಿರಿ ತೋಪಾಯಿತು? ಕುರಿ ಕಾಯುವ ಅಜ್ಜ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿಯಾನು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಈ ಸೀಮೆಯ ದೃಶ್ಯ ಬದಲಾಗಿಹೋಗಿತ್ತು.

ಎಲ್ಲಕ್ಕಿಂತ ಕಠಿಣವಾದದ್ದು ನೀರಿನ ಚಿತ್ರ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳ ಸರಪಣಿಯಲ್ಲಿ ಇಳಿದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ಹಾದು ಕನಕಪುರದಾಚೆ ಕಾವೇರಿಯನ್ನು ಸೇರುವ ನದಿ. ಬೆಂಗಳೂರು ಒಂದು ಕಾಲಕ್ಕೆ ಇದರ ನೀರನ್ನೇ ಕುಡಿಯಿತು. ಹೆಸರಘಟ್ಟದ ಜಲಾಶಯ 1894ರದು, ತಿಪ್ಪಗೊಂಡನಹಳ್ಳಿಯದು 1933ರದು. ಇಂದು ದೊಡ್ಡಬಳ್ಳಾಪುರ ಪಟ್ಟಣದ ಒಳಚರಂಡಿ ನೀರೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ದೊಡ್ಡತುಮಕೂರು ಕಡೆಯ ಕೆರೆಗಳಿಗೆ ಇಳಿಯುತ್ತಿವೆ ಎಂದು ಅಲ್ಲಿಯ ಗ್ರಾಮಸ್ಥರು ವರ್ಷಗಳಿಂದ ಧರಣಿ ನಡೆಸಿದ್ದಾರೆ. ಕೊಳವೆಬಾವಿಯ ನೀರನ್ನು ಬಾಯಿಗಿಡಲಾಗದು ಎಂಬುದು ಅವರ ದೂರು.

ಈಗ ಆ ಹುಡುಗಿ ಕೆರೆಯ ಏರಿಯ ಮೇಲೆ ಕುಳಿತಿದ್ದಾಳೆ. ತಿಳಿನೀರು ಆಕಾಶವನ್ನು ತಲೆಕೆಳಗಾಗಿ ತೋರಿಸುತ್ತದೆ; ಆ ಪಾಠ ಅವಳಿಗೆ ಶಾಲೆಯಲ್ಲಿ ಆಗಿದೆ. ಕಪ್ಪಾದ ನೀರು, ಅಂಚಿನ ನೊರೆ, ನಡುವೆ ದಟ್ಟವಾಗಿ ಹಬ್ಬಿದ ಕಳೆ, ಇವುಗಳ ಪಾಠ ಆಗಿಲ್ಲ. ಅಭ್ಯಾಸಬಲದಿಂದ ಕೈ ನೀಲಿಯ ಕಡೆಗೆ ಹೋಗುತ್ತದೆ. ನೀಲಿ ಹಚ್ಚಿದರೆ ಚಿತ್ರ ಸುಂದರವಾಗುತ್ತದೆ, ಅಂಕವೂ ಬಂದೀತು, ಕೊಳ್ಳುವವರೂ ಸಿಕ್ಕಾರು. ಅಂತಹ ಚಿತ್ರ ಸುಳ್ಳು ಸಾಕ್ಷಿ. ಹಾಗೆಂದು ಕೆರೆಯ ಕೊಳಕನ್ನೇ ಘೋಷಣೆಯಂತೆ ಬರೆದ ಚಿತ್ರವೂ ಬಹುಕಾಲ ನಿಲ್ಲದು. ಅದೇ ಏರಿಯ ಮೇಲೆ ಹೊಂಗೆ ಚಿಗುರಿದೆ, ಕೊಕ್ಕರೆ ಕುಳಿತಿದೆ, ಅವೂ ನಿಜವೇ. ಎರಡನ್ನೂ ಒಂದೇ ಕಾಗದದಲ್ಲಿ ಹಿಡಿಯುವುದು ಕಷ್ಟದ ಕೆಲಸ.

ಚಿತ್ರದಿಂದ ಕೆರೆ ಶುದ್ಧವಾಗದು ಎಂದು ಹಿರಿಯರು ಹೇಳಿದರೆ ಒಪ್ಪಲೇಬೇಕು. ಶುದ್ಧೀಕರಣ ಘಟಕ, ಕಟ್ಟುನಿಟ್ಟಾದ ತಪಾಸಣೆ, ಗ್ರಾಮಸಭೆಯ ಒತ್ತಾಯ, ಇವಿಲ್ಲದೆ ಏನೂ ಆಗದು. ರುಮಾಲೆಯವರೂ ಸ್ವಾತಂತ್ರ್ಯವನ್ನು ಕುಂಚದಿಂದ ಪಡೆಯಹೊರಡಲಿಲ್ಲ, ಸೆರೆಮನೆಗೆ ಹೋದರು. ಆದರೆ ತಪಾಸಣೆಯ ವರದಿ ಕಚೇರಿಯ ಕಡತದಲ್ಲಿ ಉಳಿಯುತ್ತದೆ, ಚಿತ್ರ ಊರಿನ ಗೋಡೆಯ ಮೇಲೆ ಇರುತ್ತದೆ. 'ಕೆರೆ ಮೊದಲಿನಿಂದಲೂ ಹೀಗೆಯೇ ಇತ್ತು' ಎಂದು ಮುಂದೆ ಯಾರಾದರೂ ವಾದಿಸಿದಾಗ ತೋರಿಸಲು ಒಂದು ಸಾಕ್ಷಿ ಬೇಕು.

ಆದುದರಿಂದ ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ವಿನಂತಿ. ರಜೆಯ ಚಿತ್ರವನ್ನು ಪ್ರತಿವರ್ಷ ಒಂದೇ ಜಾಗದಲ್ಲಿ ಕುಳಿತು ಬರೆಯಿರಿ. ತೂಬಿನ ಬಳಿಯಾದರೆ ಒಳ್ಳೆಯದು, ನೀರಿನ ಮಟ್ಟ ತಾನೇ ಗೊತ್ತಾಗುತ್ತದೆ. ಹಿಂಬದಿಯಲ್ಲಿ ಊರು, ತಿಂಗಳು, ವರ್ಷ, ಹೊತ್ತು, ನೀರಿನ ವಾಸನೆ ಹೇಗಿತ್ತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಿ. ಹೆಸರು ಕೊನೆಗಿರಲಿ.