ಮನೆಯ ಮಾತು, ಶಾಲೆಯ ಪಾಠ



ಜೂನ್ ತಿಂಗಳು ಬಂತೆಂದರೆ ತೋಟದ ಬಿಡಾರಗಳಲ್ಲಿರುವ ನಮಗೆಲ್ಲ ಒಂದೇ ಚಿಂತೆ: ಮಗುವನ್ನು ಯಾವ ಶಾಲೆಗೆ ಸೇರಿಸೋಣ? ಮನೆಯಲ್ಲಿ ನಾವು ಆಡುವುದು ತುಳು ಇಲ್ಲವೆ ಕೊಂಕಣಿ. ಪ್ರಾರ್ಥನೆ, ಪತ್ರಿಕೆ ಕನ್ನಡದಲ್ಲಿ. ವಿಲೇಜ್ ಆಫೀಸಿನ ಕಾಗದ ಮಲಯಾಳದಲ್ಲಿ. ಪೇಟೆಯಿಂದ ಇಂಗ್ಲಿಷ್ ಶಾಲೆಯ ಬಸ್ಸು ಗೇಟಿನ ತನಕ ಬರುತ್ತದೆ.

ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಹೋಗಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು; ಅದು ಜಾರಿಯಾಗಲಿಲ್ಲ. ಗಡಿಯ ವಿಚಾರ ಹೇಗೇ ಇರಲಿ, ಒಂದನೆಯ ತರಗತಿಯಲ್ಲಿ ಕೂತ ಮಗುವಿಗೆ ಪಾಠ ಅರ್ಥವಾಗಬೇಕು.

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಗೋವೆಯನ್ನು ಆಳಿದ ಪೋರ್ಚುಗೀಸರೇ ಆಫ್ರಿಕದ ಮೊಜಾಂಬಿಕ್ ದೇಶವನ್ನೂ ಆಳಿದರು. 1975ರಲ್ಲಿ ಅದು ಸ್ವತಂತ್ರವಾದರೂ ಶಾಲೆಯ ಭಾಷೆ ಪೋರ್ಚುಗೀಸೇ ಉಳಿಯಿತು. ಮನೆಯಲ್ಲಿ ಮಕುವಾ, ಸೇನಾ ಮುಂತಾದ ಮಾತಾಡುವ ಹಳ್ಳಿಯ ಮಕ್ಕಳು ಅರ್ಥವಾಗದ ಪಾಠವನ್ನು ಬಾಯಿಪಾಠ ಮಾಡಬೇಕಾಯಿತು. 2003ರಿಂದ ಅಲ್ಲಿನ ಕೆಲವು ಶಾಲೆಗಳಲ್ಲಿ ಮೊದಲು ಮನೆಮಾತಿನಲ್ಲಿ ಕಲಿಸಿ, ಆಮೇಲೆ ಪೋರ್ಚುಗೀಸಿಗೆ ದಾಟಿಸುವ ಕ್ರಮ ಬಂದಿದೆ.

ನಮ್ಮ ಮಕ್ಕಳಿಗೆ ಕನ್ನಡವೂ ಪೂರ್ತಿ ಮನೆಮಾತಲ್ಲ, ನಿಜ. ಆದರೆ ಅದು ಕಿವಿಗೆ ಬಿದ್ದ ಮಾತು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯ ತುಳುವನ್ನೂ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿತು. ನಮ್ಮ ಕಡೆಯ ಕೊಂಕಣಿ ಪತ್ರಿಕೆಗಳದ್ದೂ ಅದೇ ಲಿಪಿ. ಕನ್ನಡ ಅಕ್ಷರ ಕಲಿತ ಮಗು ತನ್ನ ಮನೆಮಾತನ್ನೂ ಓದಬಲ್ಲದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ಸರಕಾರ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದರೆ ಆ ವಿಧಿಯಿಂದ ಏನು ಪ್ರಯೋಜನ? ಇದನ್ನು ವಿರೋಧಿಸಿ ನಮ್ಮ ಜಿಲ್ಲೆಯಲ್ಲಿ ಮಕ್ಕಳೂ ಹೆತ್ತವರೂ ಹಲವು ಸಲ ಪ್ರತಿಭಟಿಸಿದ್ದಾರೆ. ಆ ಅಧ್ಯಾಪಕರ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರೇ. ನೇಮಕ ಸರಿಯಾಗಬೇಕು, ಅಷ್ಟೆ.

ಮಲಯಾಳವನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಈ ರಾಜ್ಯದಲ್ಲಿ ಕೆಲಸ, ಆಸ್ಪತ್ರೆ, ಕಚೇರಿ ಎಲ್ಲಕ್ಕೂ ಅದು ಬೇಕು. ನೆರೆಯವರ ಮಾತು ಬಲ್ಲವನಿಗೆ ನಷ್ಟವಿಲ್ಲ. ಅರ್ಥವಾಗುವ ಮಾತಿನಲ್ಲಿ ಓದುಬರಹ ಗಟ್ಟಿಯಾದ ಮಗುವಿಗೆ ಎರಡನೆಯ ಭಾಷೆ ಹಗುರವಾಗುತ್ತದೆ.

ಆದುದರಿಂದ ರಕ್ಷಕರ ಸಭೆಗೆ ಹೋಗೋಣ. ಒಂದು ದಿನದ ಕೂಲಿ ಕಡಿಮೆಯಾಗುತ್ತದೆಂಬುದು ಗೊತ್ತು. ಒಂದು ಬಿಡಾರದಿಂದ ಒಬ್ಬರಾದರೂ ಸರದಿಯಂತೆ ಹೋಗಬಹುದು. ತರಗತಿಗೆ ಯಾರು ಪಾಠ ಮಾಡುತ್ತಾರೆ, ಪುಸ್ತಕ ಬಂದಿದೆಯೇ ಎಂದು ಕೇಳೋಣ. ತೊಂದರೆಯಿದ್ದರೆ ಅರ್ಜಿಯನ್ನು ಕನ್ನಡದಲ್ಲೇ ಬರೆಯೋಣ. 350ನೆಯ ವಿಧಿ ಆ ಹಕ್ಕನ್ನು ಕೊಟ್ಟಿದೆ. ಬರೆಯಲು ಬಾರದವರಿಗೆ ಬರೆದು ಕೊಡುವುದು ನಮ್ಮಲ್ಲಿ ಬರೆಯಬಲ್ಲವರ ಕೆಲಸ.